ಬಿಲ್ ಹಿಕ್ಸ್ ಹನ್ನೆರಡು ಸಲ ತಟ್ಟಿದ ಬಾಗಿಲು

ರಾತ್ರಿಪಾಳಿ:
ನಿದ್ದೆ ಕೆಟ್ಟ ರಾತ್ರಿಗಳಲ್ಲಿ ಹಳೆಯ ಸ್ಟ್ಯಾಂಡ್‌ಅಪ್ ಹಾಸ್ಯಗಾರರ ವಿಡಿಯೋ ನೋಡುವುದು ನನ್ನ ಚಾಳಿ. ಮೊನ್ನೆ ಸಿಕ್ಕಿದ್ದು 2009ರ ಜನವರಿ 30ರಂದು ಪ್ರಸಾರವಾದ ಡೇವಿಡ್ ಲೆಟರ್‌ಮನ್ ಕಾರ್ಯಕ್ರಮದ ತುಣುಕು. ಅತಿಥಿಯ ಕುರ್ಚಿಯಲ್ಲಿ ವಯಸ್ಸಾದ ತಾಯಿಯೊಬ್ಬರು ಕುಳಿತಿದ್ದಾರೆ. ಹೆಸರು ಮೇರಿ ಹಿಕ್ಸ್. ಅಮೆರಿಕದ ಟಿವಿಯ ದೊಡ್ಡ ತಲೆಗಳಲ್ಲಿ ಒಬ್ಬನಾದ ಲೆಟರ್‌ಮನ್ ಅವರೆದುರು ತಪ್ಪು ತನ್ನದೇ ಎಂದು ಒಪ್ಪಿಕೊಂಡು ಕ್ಷಮೆ ಕೇಳುತ್ತಾನೆ. ಆಮೇಲೆ ಹದಿನೈದು ವರ್ಷ ಕಪಾಟಿನಲ್ಲಿ ಕೊಳೆಯುತ್ತಿದ್ದ ಆರೇಳು ನಿಮಿಷಗಳ ಒಂದು ಪ್ರದರ್ಶನವನ್ನು ಪೂರ್ತಿ ತೋರಿಸುತ್ತಾನೆ. ಅದರಲ್ಲಿ ಇರುವುದು ಆಕೆಯ ಮಗ, ಸ್ಟ್ಯಾಂಡ್‌ಅಪ್ ಹಾಸ್ಯಗಾರ ಬಿಲ್ ಹಿಕ್ಸ್. ಅಷ್ಟು ಹೊತ್ತಿಗೆ ಬಿಲ್ ಸತ್ತು ಹದಿನೈದು ವರ್ಷವಾಗುತ್ತಾ ಬಂದಿತ್ತು.

ಹಿನ್ನೆಲೆ ಇಷ್ಟು. 1993ರ ಅಕ್ಟೋಬರ್ 1. ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರ್. ಹಿಕ್ಸ್ ಲೆಟರ್‌ಮನ್ ಜೊತೆ ಟಿವಿಗೆ ಬರುತ್ತಿದ್ದುದು ಅದು ಹನ್ನೆರಡನೆಯ ಸಲ. ಏನು ಹೇಳುತ್ತೇನೆ ಎಂಬುದನ್ನು ಕಾರ್ಯಕ್ರಮದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದ. ಸಭಾಂಗಣ ನಕ್ಕಿತು. ಹೋಟೆಲಿಗೆ ಮರಳಿ ಸ್ನಾನಕ್ಕಿಳಿದಿದ್ದಾಗ ಫೋನ್ ಬಂತು: ನಿಮ್ಮ ಭಾಗವನ್ನು ಇಡಿಯಾಗಿ ತೆಗೆದಿದ್ದೇವೆ. ಕತ್ತರಿಸಿದ್ದಲ್ಲ, ಇಡಿಯಾಗಿ ಕಿತ್ತದ್ದು.

ನನ್ನನ್ನು ಕಾಡಿದ್ದು ಬೇರೆ. ವೇದಿಕೆಯ ಮೇಲೆ ಸದಾ ಕಪ್ಪು ಬಟ್ಟೆ ತೊಡುತ್ತಿದ್ದ ಮನುಷ್ಯ ಆ ದಿನಕ್ಕೆಂದು ಶರತ್ಕಾಲದ ಎಲೆಗಳ ಬಣ್ಣದ ಹೊಸ ಬಟ್ಟೆ ಕೊಂಡಿದ್ದ. ಎಲ್ಲರೂ ಇವನನ್ನು ಹೊರಗಿನವನು, ಯಾರ ಹಂಗಿಗೂ ಬೀಳದವನು ಎಂದು ಕೊಂಡಾಡುತ್ತಾರೆ. ಹಾಗಿದ್ದರೆ ಅದೇ ಬಾಗಿಲನ್ನು ಹನ್ನೆರಡು ಸಲ ಯಾಕೆ ತಟ್ಟಿದ? ಹೊಸ ಬಟ್ಟೆ ಯಾಕೆ?

ಹಿಂದಿನ ಬೆಂಚು:
ಬಾಗಿಲು ತಟ್ಟಿದ್ದು ಹೊಟ್ಟೆಪಾಡಿಗೆ ಎನ್ನುತ್ತೇನೆ. ಇದರಲ್ಲಿ ಒಗಟು ಏನಿದೆ?

ನನ್ನ ತಕರಾರು ಬೇರೆ. ನಿಮ್ಮೆಲ್ಲರ ಒತ್ತಾಯಕ್ಕೆ ಒಂದು ಗಂಟೆಯ ಪ್ರದರ್ಶನ ನೋಡಿದೆ. ನಕ್ಕಿದ್ದು ನಾಲ್ಕು ಸಲ. ಉಳಿದದ್ದು ಪ್ರವಚನ. ಒಬ್ಬ ಮನುಷ್ಯ ಸಿಗರೇಟು ಸೇದುತ್ತಾ ನೀವೆಲ್ಲ ಕುರಿಗಳು ಎಂದು ಬೈಯುತ್ತಾನೆ, ಜನ ದುಡ್ಡು ಕೊಟ್ಟು ಬೈಸಿಕೊಳ್ಳುತ್ತಾರೆ. ಇದಕ್ಕೆ ಹಾಸ್ಯ ಎಂದು ಏಕೆ ಹೆಸರು?

ತೆಂಗಿನಗರಿ:
ಪ್ರವಚನ ಎಂದಿರಲ್ಲ, ಗುರಿಗೆ ತಗುಲಿತು. ಆದರೆ ಬೈಗುಳವೆಂದು ಬಳಸಿದಿರಿ, ನಾನು ಅದನ್ನೇ ಕಸುಬು ಎನ್ನುತ್ತೇನೆ.

ಹಿಕ್ಸ್ ಹುಟ್ಟಿದ್ದು 1961ರ ಡಿಸೆಂಬರ್ 16ರಂದು, ಜಾರ್ಜಿಯಾದ ವಾಲ್ಡೋಸ್ಟಾದಲ್ಲಿ. ಬೆಳೆದದ್ದು ಟೆಕ್ಸಾಸಿನ ಹ್ಯೂಸ್ಟನ್ ನಗರದ ಹೊರವಲಯದಲ್ಲಿ. ಅಪ್ಪ ಜನರಲ್ ಮೋಟರ್ಸ್ ಉದ್ಯೋಗಿ, ಮನೆತನ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ್ದು. ಭಾನುವಾರ ಚರ್ಚು ತಪ್ಪಿಸುವಂತಿರಲಿಲ್ಲ. ಆ ಪಂಥದ ಬೋಧಕರು ನಮ್ಮ ಪುರೋಹಿತರ ಹಾಗೆ ಗುಣುಗುವವರಲ್ಲ. ಮೆಲ್ಲಗೆ ಶುರುಮಾಡಿ, ದನಿ ಏರಿಸಿ, ಬೆವರು ಒರೆಸಿಕೊಂಡು, ನರಕದ ಬೆಂಕಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿ, ಕೊನೆಗೆ ಕ್ಷಮೆಯ ತಣ್ಣೀರು ಚಿಮುಕಿಸುವವರು. ಹಿಕ್ಸ್ ದೇವರನ್ನು ಬಿಟ್ಟ, ಆ ಏರಿಳಿತವನ್ನು ಬಿಡಲಿಲ್ಲ. ಹ್ಯೂಸ್ಟನ್ನಿನ ಅವನ ಹಿರಿಯ ಸಂಗಾತಿ ಸ್ಯಾಮ್ ಕಿನಿಸನ್ ಅಂತೂ ಹಾಸ್ಯಕ್ಕೆ ಬರುವ ಮೊದಲು ನಿಜವಾಗಿಯೂ ಪಂಥವೊಂದರ ಬೋಧಕನಾಗಿದ್ದ. ಇವರೆಲ್ಲ ಸೇರಿ ತಮ್ಮನ್ನು ಕಾನೂನು ಮೀರಿದ ಹಾಸ್ಯಗಾರರು ಎಂದು ಕರೆದುಕೊಂಡರು.

ನಾನು ಚಿಕ್ಕಂದಿನಲ್ಲಿ ಹರಿಕಥೆ ಕೇಳಿ ಬೆಳೆದವನು. ದಾಸರು ಕಥೆ ಹೇಳುತ್ತಾ ಹೇಳುತ್ತಾ ಊರಿನ ಶಾನುಭೋಗರ ಜಿಪುಣತನಕ್ಕೆ ಜಿಗಿಯುತ್ತಿದ್ದರು, ಸಭೆ ಬಿದ್ದು ಬಿದ್ದು ನಗುತ್ತಿದ್ದಾಗ ತಂಬೂರಿ ಮೀಟಿ ಮತ್ತೆ ಧ್ರುವನ ಕಾಡಿಗೆ ಕರೆದೊಯ್ಯುತ್ತಿದ್ದರು. ನಗು ಇನ್ನೂ ಬಾಯಲ್ಲಿ ಇರುವಾಗಲೇ ಕಣ್ಣಲ್ಲಿ ನೀರು. ಹಿಕ್ಸ್ ಮಾಡುವುದು ಇದನ್ನೇ, ಆದರೆ ಉಲ್ಟಾ. ಯುದ್ಧದ ಬಗ್ಗೆ ಐದು ನಿಮಿಷ ಉರಿದು, ನೀವು ಹೇಳುವ ಆ ಪ್ರವಚನ ಇನ್ನೇನು ಅಸಹ್ಯವಾಗುತ್ತದೆ ಎನ್ನುವಾಗ ಅತ್ಯಂತ ಪೋಲಿಯಾದ ಒಂದು ಮಾತು ಬೀಳಿಸುತ್ತಾನೆ. ಆಮೇಲೆ ತನಗೇ ತಾನು ಮುಖ ಸಿಂಡರಿಸಿಕೊಳ್ಳುತ್ತಾನೆ. ನೀವು ನಕ್ಕ ಆ ನಾಲ್ಕು ಜಾಗಗಳನ್ನು ಮತ್ತೆ ನೋಡಿ, ಎಲ್ಲವೂ ಪ್ರವಚನದ ತುದಿಯಲ್ಲಿಯೇ ಇರುತ್ತವೆ.

ಹಿಂದಿನ ಬೆಂಚು:
ಹರಿಕಥೆ ದಾಸರು ಶಾನುಭೋಗರನ್ನು ಬೈದರೆ ಮರುದಿನ ಅದೇ ಊರಿನಲ್ಲಿ ಊಟ ಮಾಡಬೇಕಿತ್ತು. ಹಿಕ್ಸ್ ಬೈದು ಮುಂದಿನ ಊರಿಗೆ ವಿಮಾನ ಹತ್ತುತ್ತಿದ್ದ. ಎರಡೂ ಒಂದೇ ಅಲ್ಲ.

ತೆಂಗಿನಗರಿ:
ಇದು ಒಳ್ಳೆಯ ಏಟು. ಒಪ್ಪಿದೆ.

ಅರ್ಧ ಟಿಕೆಟ್:
ವಿಮಾನಕ್ಕಿಂತ ಹೆಚ್ಚಾಗಿ ಹೆದ್ದಾರಿ ಇರಬೇಕು. ನಾನು ಬೆಂಗಳೂರಿನಲ್ಲಿ ಎರಡು ವರ್ಷ, ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ಗಳಲ್ಲಿ ಒದ್ದಾಡಿದವನು, ಅದರಿಂದ ಈ ಮಾತು. ವಾರಕ್ಕೆ ಎರಡು ಪ್ರದರ್ಶನ ಕೊಟ್ಟರೆ ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ಹಿಕ್ಸ್ ಎಂಬತ್ತರ ದಶಕದ ನಡುವಿನಿಂದ ವರ್ಷಕ್ಕೆ 250ಕ್ಕೂ ಹೆಚ್ಚು ಸಲ ವೇದಿಕೆ ಹತ್ತಿದ. ಕೇಳುಗರು ಯಾರು? ಸಣ್ಣ ಪಟ್ಟಣಗಳ ಕ್ಲಬ್ಬುಗಳಲ್ಲಿ ಕುಡಿಯಲು ಬಂದವರು, ಹುಟ್ಟುಹಬ್ಬದ ಗುಂಪು, ಬೇರೆ ಯಾರನ್ನೋ ನೋಡಲು ಬಂದು ಇವನಿಗೆ ಸಿಕ್ಕಿಬಿದ್ದವರು.

ಶುರುಮಾಡಿದಾಗ ಅವನಿಗೆ ಮೀಸೆ ಮೂಡಿರಲಿಲ್ಲ. ಹ್ಯೂಸ್ಟನ್ನಿನಲ್ಲಿ ಕಾಮಿಡಿ ವರ್ಕ್‌ಶಾಪ್ ಎಂಬ ಕ್ಲಬ್ 1978ರಲ್ಲಿ ತೆರೆದಾಗ ಇವನೂ ಗೆಳೆಯ ಡ್ವೈಟ್ ಸ್ಲೇಡ್ ಕೂಡ ಹೈಸ್ಕೂಲ್ ಹುಡುಗರು. ರಾತ್ರಿ ಮನೆಯ ಕಿಟಕಿಯಿಂದ ಜಾರಿ ಹೋಗಿ ಪ್ರದರ್ಶನ ಕೊಟ್ಟು ಬೆಳಗಿನೊಳಗೆ ಹಾಸಿಗೆಗೆ ಮರಳುತ್ತಿದ್ದರು. ಆಗಿನ ಹಾಸ್ಯ ಅಪ್ಪ ಅಮ್ಮನ ಬಗ್ಗೆ, ಶಾಲೆಯ ಬಗ್ಗೆ. ಕ್ಲಬ್ ಮಾಲೀಕರು ಕೇಳುವ ಹಾಸ್ಯವನ್ನು ಅವನು ಕಣ್ಣು ಮುಚ್ಚಿ ಮಾಡಬಲ್ಲವನಾಗಿದ್ದ. ಗೊತ್ತಿದ್ದೂ ಬಿಟ್ಟ. ಹಾಸ್ಯ ಬಾರದವನು ಪ್ರವಚನಕ್ಕೆ ಇಳಿಯುವುದೇ ಬೇರೆ, ಇದೇ ಬೇರೆ.

ನನ್ನ ಕಥೆ ಒಂದೇ ಸಾಲಿನದು. ನೆಲಮಾಳಿಗೆಯ ಒಂದು ಕೆಫೆಯಲ್ಲಿ ಹಿಕ್ಸ್ ಶೈಲಿಯಲ್ಲಿ ಜನರನ್ನು ತರಾಟೆಗೆ ತೆಗೆದುಕೊಂಡೆ. ಏಳು ಜನ ಇದ್ದರು, ಅವರಲ್ಲಿ ಇಬ್ಬರು ಅಲ್ಲಿನ ಕೆಲಸಗಾರರು. ಒಬ್ಬರು ಎದ್ದು ಬಂದು ಬಿಲ್ ಇಟ್ಟು ಹೋದರು, ನನ್ನ ಕಾಫಿಯದು.

ರಾತ್ರಿಪಾಳಿ:
ಇಡೀ ಚರ್ಚೆಯಲ್ಲಿ ಇದೇ ಅತ್ಯುತ್ತಮ ಪಂಚ್. ಬಿಲ್ ಬಂದದ್ದು ಹಿಕ್ಸ್ ಅಲ್ಲ, ಕಾಫಿಯದು.

ಅರ್ಧ ಟಿಕೆಟ್:
ಇಂಥ ಹಾಸ್ಯ ಮಾಡಿದ್ದಕ್ಕೇ ನನ್ನ ವೃತ್ತಿ ಮುಗಿದದ್ದು.

ಸುರಗಿ:
ಎಲ್ಲರೂ ಮೇಳದಲ್ಲಿ ಹಾಡುತ್ತಿದ್ದೀರಿ, ನಾನು ಶ್ರುತಿ ತಪ್ಪಿಸುತ್ತೇನೆ.

1989ರಲ್ಲಿ ಶಿಕಾಗೋದ ಒಂದು ಕ್ಲಬ್ಬಿನ ಧ್ವನಿಮುದ್ರಣ ಇದೆ. ಅಭಿಮಾನಿಗಳು ಅದನ್ನು ಪವಿತ್ರ ಗ್ರಂಥದ ಹಾಗೆ ಹಂಚಿಕೊಳ್ಳುತ್ತಾರೆ. ಕುಡಿದ ಒಬ್ಬ ಒಂದು ಹಳೆಯ ರಾಕ್ ಹಾಡಿನ ಹೆಸರನ್ನು ಮತ್ತೆ ಮತ್ತೆ ಕೂಗುತ್ತಾನೆ. ಹಿಕ್ಸ್‌ನ ತಾಳ್ಮೆ ಹರಿಯುತ್ತದೆ. ಅಷ್ಟರ ಮಟ್ಟಿಗೆ ಸರಿ. ಆಮೇಲೆ ಒಬ್ಬ ಹೆಂಗಸು ಅಡ್ಡಮಾತಾಡುತ್ತಾಳೆ. ಆಕೆಯ ಮೇಲೆ ಇವನು ಎರಗುವ ರೀತಿಯಲ್ಲಿ ಹಾಸ್ಯದ ಹನಿಯೂ ಇಲ್ಲ. ಹೆಣ್ಣಿನ ದೇಹದ ಹೆಸರು ಹಿಡಿದು ಕಿರುಚುವ ಶುದ್ಧ ದ್ವೇಷ ಅದು. ಗಂಡಸು ಕೂಗಿದಾಗ ಅವನು ಮೂರ್ಖ, ಹೆಂಗಸು ಕೂಗಿದಾಗ ಅವಳು ಬರೀ ಒಂದು ಅಂಗ. ಅಧಿಕಾರದಲ್ಲಿರುವವರ ಮುಖಕ್ಕೆ ಸತ್ಯ ಹೇಳುವುದು ಎಂದರೆ ಇದೇ? ಹತ್ತಾರು ಜನರಿದ್ದ ಆ ಕೋಣೆಯಲ್ಲಿ ಮೈಕ್ ಇದ್ದದ್ದು ಅವನ ಕೈಯಲ್ಲಿ. ಅಧಿಕಾರ ಯಾರದಾಗಿತ್ತು?

ಅವನ ಆಡಿನ ವೇಷವೂ ಇದೆ. ಮೈಕ್ ಬಾಯಿಗೆ ಒತ್ತಿಕೊಂಡು, ದನಿ ತಗ್ಗಿಸಿ, ಹುಡುಗಿಯರ ಬಗ್ಗೆ ಜೊಲ್ಲು ಸುರಿಸುವ ಪಾತ್ರ. ಅದು ಕಾಮದ ಪಾಪಪ್ರಜ್ಞೆಯ ಮೇಲಿನ ವಿಡಂಬನೆ ಎಂದು ದೊಡ್ಡ ದೊಡ್ಡ ಲೇಖನಗಳನ್ನು ಓದಿದ್ದೇನೆ. ಸರಿ, ಇರಬಹುದು. ಆದರೆ ಸಭೆಯಲ್ಲಿ ನಗುವ ಗಂಡಸರ ದನಿ ಕೇಳಿಸಿಕೊಳ್ಳಿ, ಅವರು ವಿಡಂಬನೆಗೆ ನಗುತ್ತಿದ್ದಾರೋ ಆಡಿನ ಜೊತೆಗೆ ನಗುತ್ತಿದ್ದಾರೋ ನೀವೇ ಹೇಳಿ.

ಜಾಹೀರಾತಿನ ಜೀತ:
ಸುರಗಿ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆ ಮುದ್ರಣವನ್ನು ನಾನು ಎರಡನೆಯ ಸಲ ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ.

ಆದರೆ ಒಂದು ಘಟನೆ ಹೇಳಬೇಕು, ಯಾಕೆಂದರೆ ನನ್ನ ಹೊಟ್ಟೆಪಾಡು ಜಾಹೀರಾತು. ಹಿಕ್ಸ್ ಸಭೆಗೆ, ನಿಮ್ಮಲ್ಲಿ ಯಾರಾದರೂ ಜಾಹೀರಾತು, ಮಾರ್ಕೆಟಿಂಗ್ ಕೆಲಸದವರಿದ್ದರೆ ದಯವಿಟ್ಟು ಸತ್ತುಹೋಗಿ ಎನ್ನುವ ಒಂದು ಪ್ರಸಂಗ ಇದೆಯಲ್ಲ, ಅದು ಎಲ್ಲರಿಗೂ ಗೊತ್ತು. ಇದು ತಮಾಷೆಯಲ್ಲ, ಇದರ ಹಿಂದೆ ಪಂಚ್ ಬರುವುದಿಲ್ಲ ಎಂದು ಬೇರೆ ಒತ್ತಿ ಹೇಳುತ್ತಾನೆ. ಜನ ಮರೆಯುವುದು ಅದರ ಉತ್ತರಾರ್ಧವನ್ನು. ತಕ್ಷಣ ಅವನು ಮಾರ್ಕೆಟಿಂಗ್ ಮನುಷ್ಯನ ದನಿ ತೆಗೆದು, ಓಹೋ, ಈ ಬಿಲ್ ಜಾಹೀರಾತು ವಿರೋಧಿಗಳ ಮಾರುಕಟ್ಟೆಗೆ ಕೈ ಹಾಕುತ್ತಿದ್ದಾನೆ, ಅದು ಒಳ್ಳೆಯ ಮಾರುಕಟ್ಟೆ, ಜಾಣ, ಎಂದು ತನ್ನನ್ನೇ ತೂಗುತ್ತಾನೆ. ಅಲ್ಲ ಎಂದು ಕಿರುಚಿದರೆ, ಸಿಟ್ಟಿನ ಮಾರುಕಟ್ಟೆಯೂ ದೊಡ್ಡದೇ ಎನ್ನುತ್ತದೆ ಆ ದನಿ. ಬಾಯಿ ತೆರೆದಷ್ಟೂ ಬಲೆ ಬಿಗಿಯಾಗುತ್ತದೆ.

ನಮ್ಮ ಕಚೇರಿಯಲ್ಲಿ ಐದಾರು ವರ್ಷದ ಹಿಂದೆ ಹೊಸ ಪಾನೀಯವೊಂದರ ಪ್ರಚಾರಕ್ಕೆ ಸಭೆ ನಡೆಯಿತು. ಯುವಕರು ಜಾಹೀರಾತನ್ನು ನಂಬುವುದಿಲ್ಲ, ಆದ್ದರಿಂದ ನಾವು ಜಾಹೀರಾತನ್ನು ಬೈಯುವ ಜಾಹೀರಾತು ಮಾಡೋಣ ಎಂದು ಒಬ್ಬ ಹುಡುಗ ಪರದೆಯ ಮೇಲೆ ಈ ತುಣುಕನ್ನೇ ಹಾಕಿದ. ಅದೂ ಮೊದಲರ್ಧ ಮಾತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಾನೀಯ ಓಡಲಿಲ್ಲ, ಆ ಮಾತು ಬೇರೆ.

ಹಿಂದಿನ ಬೆಂಚು:
ಈ ಒಂದು ಕಥೆಗಾಗಿ ಹಿಕ್ಸ್‌ಗೆ ಐದನೆಯ ನಗು ಕೊಡುತ್ತೇನೆ.

ಕೊಡೆ ಮರೆತವಳು:
ಲಂಡನ್ನಿನಿಂದ ಬರೆಯುತ್ತಿದ್ದೇನೆ. ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಡೊಮಿನಿಯನ್ ಥಿಯೇಟರ್. ನಾನು ಈ ಊರಿಗೆ ಬಂದ ಹೊಸತರಲ್ಲಿ ಅದರ ಬಾಗಿಲ ಮೇಲೆ ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಬಂಗಾರದ ಬಣ್ಣದ ದೊಡ್ಡ ಪ್ರತಿಮೆ ಇತ್ತು. ಹಿಕ್ಸ್‌ನ ಅತಿ ಪ್ರಸಿದ್ಧ ಲಂಡನ್ ಪ್ರದರ್ಶನ ಚಿತ್ರೀಕರಣವಾದದ್ದು ಅಲ್ಲೇ, 1992ರ ನವೆಂಬರಿನಲ್ಲಿ. ಮುಂದಿನ ಜನವರಿಯಲ್ಲಿ ಚಾನೆಲ್ 4 ಅದನ್ನು ದೇಶಕ್ಕೆಲ್ಲ ತೋರಿಸಿತು. ಸುಮಾರು ಎರಡು ಸಾವಿರ ಆಸನಗಳ ಸಭಾಂಗಣ. ಅದೇ ಕಾಲದಲ್ಲಿ ಅವನು ತನ್ನ ದೇಶದಲ್ಲಿ ಕುಡುಕರ ಗದ್ದಲದ ನಡುವೆ ಮೈಕ್ ಹಿಡಿಯುತ್ತಿದ್ದ.

ಬ್ರಿಟನ್ನಿನವರು ಅವನನ್ನು ಎತ್ತಿಕೊಂಡದ್ದು ಏಕೆ? ಇಲ್ಲಿನವರು, ನಮಗೆ ವಿಡಂಬನೆಯ ಸಂಪ್ರದಾಯ ಇದೆ, ಅಮೆರಿಕನ್ನರಿಗೆ ಇಲ್ಲ ಎಂದು ಎದೆ ಉಬ್ಬಿಸುತ್ತಾರೆ. ನನಗೆ ಅನುಮಾನ. ಒಬ್ಬ ಅಮೆರಿಕನ್ ಬಂದು ಅಮೆರಿಕವನ್ನು ಹಿಗ್ಗಾಮುಗ್ಗಾ ಬೈದರೆ ಇವರಿಗೆ ಅದಕ್ಕಿಂತ ಹಿತವಾದ ಸಂಜೆ ಇಲ್ಲ. ಕೊಲ್ಲಿ ಯುದ್ಧದ ಬಗ್ಗೆ ಅವನ ಒಂದು ಪ್ರಸಂಗ ನೋಡಿ. ಅದರಲ್ಲಿ ಅಮೆರಿಕ ಎಂದರೆ ಹಳೆಯ ಕೌಬಾಯ್ ಸಿನಿಮಾದ ಖಳ. ಅವನು ಬಂದೂಕನ್ನು ಬಡ ಕುರಿಗಾಹಿಯ ಕಾಲ ಬಳಿ ಎಸೆದು ಎತ್ತಿಕೋ ಎಂದು ಪೀಡಿಸುತ್ತಾನೆ. ಕುರಿಗಾಹಿ ಹೆದರಿ ಹೆದರಿ ಕೊನೆಗೆ ಮುಟ್ಟುತ್ತಾನೆ. ಗುಂಡು ಹಾರುತ್ತದೆ. ಎಲ್ಲರೂ ನೋಡಿದಿರಲ್ಲ, ಅವನ ಕೈಯಲ್ಲಿ ಬಂದೂಕು ಇತ್ತು, ಎನ್ನುತ್ತಾನೆ ಖಳ. ಹಿಕ್ಸ್ ಎಲ್ಲ ಪಾತ್ರವನ್ನೂ ಒಬ್ಬನೇ ಆಡುತ್ತಾನೆ. ಕುರಿಗಾಹಿಯ ಕೈ ಬಂದೂಕಿನ ಕಡೆಗೆ ಹೋಗುವ ಆ ಅರೆ ಕ್ಷಣದಲ್ಲಿ ಸಭಾಂಗಣ ಉಸಿರು ಬಿಗಿಹಿಡಿದದ್ದು ಮುದ್ರಣದಲ್ಲೂ ತಿಳಿಯುತ್ತದೆ. ಅದು ಮಹಾ ಹಾಸ್ಯ, ನನ್ನ ತಕರಾರಿಲ್ಲ. ಆದರೆ ಅದೇ ಯುದ್ಧಕ್ಕೆ ಬ್ರಿಟನ್ನೂ ಸೈನ್ಯ ಕಳಿಸಿತ್ತು. ಸಭೆಯಲ್ಲಿ ಕುಳಿತವರಿಗೆ ಆ ಖಳನ ಕುದುರೆಯ ಹಿಂದೆ ತಾವೂ ಇದ್ದೆವು ಎಂದು ಹೊಳೆಯಿತೇ?

2004ರಲ್ಲಿ, ಅವನು ಸತ್ತ ಹತ್ತನೆಯ ವರ್ಷಕ್ಕೆ, ಇಲ್ಲಿನ ಸಂಸದರೊಬ್ಬರು ಹೌಸ್ ಆಫ್ ಕಾಮನ್ಸ್‌ನಲ್ಲಿ ಅವನ ನೆನಪಿಗೆ ಒಂದು ನಿರ್ಣಯವನ್ನೇ ಮಂಡಿಸಿದರು. ಪಾರ್ಲಿಮೆಂಟಿನ ಕಾಗದದಲ್ಲಿ ಅಚ್ಚಾದ ಮೇಲೆ ಹೊರಗಿನವನು ಎಂಬ ಬಿರುದು ಹೇಗೆ ಉಳಿಯುತ್ತದೆ?

ಮೂರನೇ ಘಂಟೆ:
ಈ ಚರ್ಚೆಗೆ ನಮ್ಮ ನೆಲದ ವಿಷಯ ಬಾರದೆ ಹೋದರೆ ಹೇಗೆ? ಸ್ಟ್ಯಾಂಡ್‌ಅಪ್ ಹಾಸ್ಯಗಾರ ಮುನವ್ವರ್ ಫಾರೂಕಿ 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧನಕ್ಕೊಳಗಾದ. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವಾಗ ಫೆಬ್ರವರಿ 5 ಆಗಿತ್ತು. ಅದೇ ವರ್ಷ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವನ ಪ್ರದರ್ಶನ, ಶಾಂತಿಭಂಗದ ಭಯ ಎಂದು ಪೊಲೀಸರು ಹೇಳಿದ ಮೇಲೆ ರದ್ದಾಯಿತು. ನನ್ನ ಕೈಯಲ್ಲಿ ಆ ಪ್ರದರ್ಶನದ ಟಿಕೆಟ್ ಇತ್ತು. ಹಿಕ್ಸ್‌ಗೆ ಆದದ್ದೇನು? ಆರು ನಿಮಿಷ ಟಿವಿಯಲ್ಲಿ ಬರಲಿಲ್ಲ. ಅದಕ್ಕೆ ಹುತಾತ್ಮನ ಪಟ್ಟ!

ರಾತ್ರಿಪಾಳಿ:
ಹೋಲಿಕೆ ಬೇಕಿದ್ದರೆ ಅಮೆರಿಕದ ಹಳೆಯ ಹಾಸ್ಯಗಾರ ಲೆನ್ನಿ ಬ್ರೂಸ್ ಸರಿಯಾದ ಜೋಡಿ. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇದಿಕೆಯ ಮಾತಿಗಾಗಿ ಬಂಧಿತನಾದ. 1964ರ ನವೆಂಬರಿನಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಅವನನ್ನು ಅಶ್ಲೀಲತೆಯ ಅಪರಾಧಿ ಎಂದಿತು. ಕ್ಲಬ್ಬುಗಳು ಹೆದರಿ ಬಾಗಿಲು ಹಾಕಿಕೊಂಡವು. ಮೇಲ್ಮನವಿ ಮುಗಿಯುವ ಮೊದಲೇ, 1966ರ ಆಗಸ್ಟಿನಲ್ಲಿ, ನಲವತ್ತರ ವಯಸ್ಸಿನಲ್ಲಿ ಸತ್ತ. ಕೊನೆಕೊನೆಗೆ ವೇದಿಕೆಯ ಮೇಲೆ ಹಾಸ್ಯ ಬಿಟ್ಟು ತನ್ನ ಮೊಕದ್ದಮೆಯ ಕಾಗದಗಳನ್ನೇ ಓದುತ್ತಿದ್ದ. ನ್ಯೂಯಾರ್ಕಿನ ಗವರ್ನರ್ ಕ್ಷಮಾದಾನ ಕೊಟ್ಟದ್ದು 2003ರ ಡಿಸೆಂಬರಿನಲ್ಲಿ. ಸತ್ತು ಮೂವತ್ತೇಳು ವರ್ಷದ ಮೇಲೆ.

ಪೊಲೀಸರು ಬಂದರೆ ಕನಿಷ್ಠ ಎದುರಾಳಿ ಯಾರು ಎಂದು ಗೊತ್ತಿರುತ್ತದೆ. ಹಿಕ್ಸ್‌ನನ್ನು ತಡೆದದ್ದು ಕಾನೂನಲ್ಲ, ಸರಕಾರವಲ್ಲ. ಜಾಹೀರಾತುದಾರರು ಏನೆಂದುಕೊಳ್ಳುವರೋ ಎಂಬ ಅಂಜಿಕೆ. ಕಿತ್ತು ಹಾಕಿದ ಆ ಮಾತುಗಳಲ್ಲಿ ಒಂದು, ಗರ್ಭಪಾತ ವಿರೋಧಿಗಳಿಗೆ ಜೀವದ ಮೇಲೆ ಅಷ್ಟು ಪ್ರೀತಿ ಇದ್ದರೆ ಆಸ್ಪತ್ರೆ ಬಿಟ್ಟು ಸ್ಮಶಾನದ ಬಾಗಿಲಿಗೆ ಅಡ್ಡ ನಿಲ್ಲಲಿ ಎಂಬುದು. ಇನ್ನೊಂದು, ಏಸು ಮರಳಿ ಬಂದರೆ ಎಲ್ಲರ ಕೊರಳಲ್ಲೂ ಶಿಲುಬೆ ನೋಡಿ ಸಂತೋಷಪಡುತ್ತಾನೆಯೇ ಎಂಬ ಪ್ರಶ್ನೆ. ಇವತ್ತು ಕೇಳಿದರೆ ಇದಕ್ಕೇನು ಅಷ್ಟೊಂದು ರಾದ್ಧಾಂತ ಅನ್ನಿಸುತ್ತದೆ. ನ್ಯೂಯಾರ್ಕರ್ ಪತ್ರಿಕೆಯ ಜಾನ್ ಲಾರ್ ಅವರಿಗೆ ಹಿಕ್ಸ್ ಈ ಬಗ್ಗೆ ಪುಟಗಟ್ಟಲೆ ಕೈಬರಹದ ಪತ್ರ ಬರೆದ. ಲಾರ್ ಅವರ ದೀರ್ಘ ಲೇಖನ ಒಂದೇ ತಿಂಗಳಲ್ಲಿ ಅಚ್ಚಾಯಿತು. ಪ್ರಸಾರವಾಗದ ಆರು ನಿಮಿಷ, ಪ್ರಸಾರವಾದ ಹನ್ನೊಂದು ಪ್ರದರ್ಶನಗಳಿಗಿಂತ ಹೆಚ್ಚು ಹೆಸರು ತಂದಿತು.

ತಾರೀಖು ಹುಳ:
ಅದೇ ಎಡ್ ಸಲಿವನ್ ಥಿಯೇಟರಿನ ವೇದಿಕೆಯಿಂದಲೇ 1957ರ ಜನವರಿ 6ರಂದು ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು, ಅವನ ಸೊಂಟದ ಕುಣಿತಕ್ಕೆ ಅಂಜಿ, ಸೊಂಟದಿಂದ ಮೇಲೆ ಮಾತ್ರ ತೋರಿಸಿದ್ದರು. ಹಿಕ್ಸ್ ಎಲ್ವಿಸ್‌ನ ಪರಮ ಭಕ್ತ, ಅವನ ಅನುಕರಣೆ ಅದ್ಭುತವಾಗಿ ಮಾಡುತ್ತಿದ್ದ. ಹಿಕ್ಸ್‌ನ ಕಟ್ಟಕಡೆಯ ಪ್ರದರ್ಶನ ನ್ಯೂಯಾರ್ಕಿನ ಕ್ಯಾರೊಲೈನ್ಸ್ ಕ್ಲಬ್ಬಿನಲ್ಲಿ 1994ರ ಜನವರಿ 6. ಇದರಿಂದ ಏನೂ ಸಾಬೀತಾಗುವುದಿಲ್ಲ. ಸುಮ್ಮನೆ ಹೇಳಿದೆ.

ಸುರಗಿ:
ಮೂರನೇ ಘಂಟೆ ಅವರೇ, ಟಿಕೆಟಿನ ಹಣ ವಾಪಸ್ ಬಂತೇ?

ಮೂರನೇ ಘಂಟೆ:
ಬಂತು. ಅದೇ ಬೇಸರ. ಎಲ್ಲವೂ ಬಹಳ ಅಚ್ಚುಕಟ್ಟಾಗಿ ನಡೆಯಿತು.

ಮಲ್ಲಿಗೆ ತೋಟ:
ಹಿಕ್ಸ್‌ನ ದೃಷ್ಟಿಕೋನದ ಬಗ್ಗೆ ಯಾರೂ ಮಾತಾಡಿಲ್ಲ. ಅವನನ್ನು ಸಿಟ್ಟಿನ ಮನುಷ್ಯ ಎಂದಷ್ಟೇ ನೋಡುತ್ತೀರಿ. ಅವನು ಕುಡಿತ, ಕೊಕೇನ್ ಎಲ್ಲ ಬಿಟ್ಟದ್ದು 1988ರ ಹೊತ್ತಿಗೆ. ಸಿಗರೇಟು ಮಾತ್ರ ಉಳಿಯಿತು, ಆಗಾಗ ಬಿಡುವುದು ಮತ್ತೆ ಹಚ್ಚುವುದು. ಬಿಟ್ಟ ಮೇಲೂ ಮಾದಕ ವಸ್ತು ನನಗೆ ಒಳ್ಳೆಯ ಸಮಯವನ್ನೂ ಕೊಟ್ಟಿತು ಎಂದು ವೇದಿಕೆಯ ಮೇಲೆ ಹೇಳಲು ಹಿಂಜರಿಯಲಿಲ್ಲ. ಅಮಲಿನ ಅಣಬೆ ತಿಂದಾಗ ಕಂಡದ್ದು ಎಂದು ಅವನು ಹೇಳುವುದು, ಎಲ್ಲವೂ ಒಂದೇ ಪ್ರಜ್ಞೆ, ನಾವು ಬೇರೆ ಬೇರೆ ಎಂಬುದು ಭ್ರಮೆ. ನಮ್ಮ ಅಜ್ಜಿ ಅಣಬೆ ಇಲ್ಲದೆ, ಏಕಾದಶಿಯ ಉಪವಾಸದಲ್ಲೇ ಇದನ್ನು ಹೇಳುತ್ತಿದ್ದರು! ಆದರೆ ನಮ್ಮಲ್ಲಿ ಈ ಮಾತು ಎಷ್ಟು ಸವೆದಿದೆ ಎಂದರೆ ಕೇಳಿದರೆ ಆಕಳಿಕೆ ಬರುತ್ತದೆ. ಬ್ಯಾಪ್ಟಿಸ್ಟ್ ಟೆಕ್ಸಾಸಿನಲ್ಲಿ, ಬಿಯರಿನ ವಾಸನೆಯ ಕೋಣೆಯಲ್ಲಿ, ಪೋಲಿ ಮಾತಿನ ನಡುವೆ ಅದೇ ಮಾತು ಸಿಡಿಮದ್ದಾಗುತ್ತದೆ. ಜೀವನ ಎಂಬುದು ಜಾತ್ರೆಯ ತೊಟ್ಟಿಲ ಸವಾರಿ, ಹೆದರಬೇಡಿ, ಶಸ್ತ್ರಕ್ಕೆ ಸುರಿಯುವ ಹಣವನ್ನು ಬಡವರ ಅನ್ನಕ್ಕೆ, ಅಕ್ಷರಕ್ಕೆ ಸುರಿಯೋಣ ಎಂದು ಲಂಡನ್ ಪ್ರದರ್ಶನವನ್ನು ಮುಗಿಸುತ್ತಾನೆ. ಆ ಕ್ಷಣದಲ್ಲಿ ದನಿಯಲ್ಲಿ ವ್ಯಂಗ್ಯ ಇಲ್ಲವೇ ಇಲ್ಲ.

ಹಿಂದಿನ ಬೆಂಚು:
ಅದೇ ದೃಷ್ಟಿಕೋನದ ಇನ್ನೊಂದು ತುದಿಯನ್ನೂ ಹೇಳಿ. ಕೆನಡಿ ಹತ್ಯೆಯ ಬಗ್ಗೆ ಸರಕಾರದ ಮಾತು ಸುಳ್ಳು, ಹಾರುವ ತಟ್ಟೆಗಳು ನಿಜ ಎನ್ನುತ್ತಿದ್ದ. 1993ರಲ್ಲಿ ಟೆಕ್ಸಾಸಿನ ವೇಕೋದಲ್ಲಿ ಒಂದು ಪಂಥದವರ ನೆಲೆಯನ್ನು ಸರಕಾರಿ ಪಡೆಗಳು ಮುತ್ತಿದ್ದಾಗ ಇವನು ಗೆಳೆಯನ ಜೊತೆ ಕ್ಯಾಮೆರಾ ಹಿಡಿದು ಅಲ್ಲಿಗೂ ಹೋಗಿದ್ದ. ಏಪ್ರಿಲ್ 19ರ ಬೆಂಕಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ನಿಜವಾದ ದುರಂತ. ಆದರೆ ಎಲ್ಲದರ ಹಿಂದೆ ಕೈವಾಡ ಕಾಣುವ ಕಣ್ಣು ಎಲ್ಲಿಗೆ ಒಯ್ಯುತ್ತದೆ ಎಂದು ಈಗ ನಮಗೆ ಗೊತ್ತು. ಬದುಕಿದ್ದರೆ ಇವನು ಇವತ್ತು ಮೂರು ಗಂಟೆಯ ಪಾಡ್‌ಕಾಸ್ಟ್ ನಡೆಸುತ್ತಾ, ಲಸಿಕೆಯಲ್ಲಿ ಏನಿದೆ ಗೊತ್ತೇ ಎಂದು ಪಿಸುಗುಡುತ್ತಿದ್ದ ಎಂದೇ ನನ್ನ ಲೆಕ್ಕ. ಅಮೆರಿಕದ ಒಬ್ಬ ಕುಖ್ಯಾತ ಪಿತೂರಿವಾದಿ ನಿರೂಪಕನೇ ಹಿಕ್ಸ್, ಸತ್ತದ್ದು ನಾಟಕ ಎಂಬ ಹುಚ್ಚು ವದಂತಿಯೂ ಅಂತರ್ಜಾಲದಲ್ಲಿ ಓಡಾಡುತ್ತಿದೆಯಲ್ಲ. ಹುಚ್ಚೇ ಸರಿ, ಆದರೆ ಆ ಹುಚ್ಚಿಗೆ ಇವನೇ ಏಕೆ ಸಿಕ್ಕ?

ಅರ್ಧ ಟಿಕೆಟ್:
ಸತ್ತವನ ಬಾಯಿಗೆ ಲಸಿಕೆ ಹಾಕಬೇಡಿ ಮಾರಾಯರೇ.

ಹಿಕ್ಸ್‌ನ ವಿಷಯದಲ್ಲಿ ಒಂದು ವ್ಯತ್ಯಾಸ ನೋಡಿ. ಪಿತೂರಿವಾದಿ ಕೇಳುಗನನ್ನು, ನೀನೊಬ್ಬನೇ ಜಾಣ ಎಂದು ಓಲೈಸುತ್ತಾನೆ, ಆಮೇಲೆ ಮಾತ್ರೆ ಮಾರುತ್ತಾನೆ. ಹಿಕ್ಸ್ ಕೇಳುಗನನ್ನು ಓಲೈಸಿದ್ದು ತೀರಾ ಕಡಿಮೆ. ಮಾರಿದ್ದೂ ಕಡಿಮೆ, ಪಾಪ.

ಮಲ್ಲಿಗೆ ತೋಟ:
ಓಲೈಸಲಿಲ್ಲ ಎನ್ನಲಾರೆ. ನ್ಯಾಶ್‌ವಿಲ್‌ನ ಒಂದು ರಾತ್ರಿ ಹೋಟೆಲಿನ ಪ್ರಸಂಗ ನೆನಪಿದೆಯೇ? ಪ್ರದರ್ಶನ ಮುಗಿಸಿ ಒಬ್ಬನೇ ಕುಳಿತು ತಿನ್ನುತ್ತಾ ಪುಸ್ತಕ ಓದುತ್ತಿರುತ್ತಾನೆ. ಬಡಿಸುವವಳು ಬಂದು ಕೇಳುತ್ತಾಳೆ. ಏನು ಓದುತ್ತಿದ್ದೀಯ ಎಂದಲ್ಲ, ಏನಕ್ಕೆ ಓದುತ್ತಿದ್ದೀಯ ಎಂದು. ಇವನಿಗೆ ತಬ್ಬಿಬ್ಬು. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬಹುಶಃ ಈ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರದಿರಲಿ ಎಂದು ಓದುತ್ತೇನೆ, ಎಂಬ ಧಾಟಿಯ ಉತ್ತರ ಕೊಡುತ್ತಾನೆ. ಆಮೇಲೆ ಪಕ್ಕದ ಮೇಜಿನ ಲಾರಿ ಚಾಲಕನೊಬ್ಬ ಎದ್ದು ಬಂದು, ಇಲ್ಲೊಬ್ಬ ಓದುವವನು ಸಿಕ್ಕ ಎನ್ನುತ್ತಾನೆ, ಕಳ್ಳ ಸಿಕ್ಕ ಎನ್ನುವ ದನಿಯಲ್ಲಿ.

ಮದುವೆ ಛತ್ರದ ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ನನ್ನನ್ನು ಸೋದರತ್ತೆ ಇದೇ ಪ್ರಶ್ನೆ ಕೇಳಿದ್ದರು. ಅದಕ್ಕೇ ಮೊದಲ ಸಲ ನೋಡಿದಾಗ ಉರುಳಾಡಿ ನಕ್ಕೆ. ಈಗ ನೋಡಿದರೆ ಆ ಬಡಿಸುವವಳ ಕಡೆಗೇ ಕಣ್ಣು ಹೋಗುತ್ತದೆ. ರಾತ್ರಿ ಎರಡು ಗಂಟೆ, ಕಾಲು ನೋವು, ಗಿರಾಕಿಯ ಜೊತೆ ಒಂದು ಮಾತು ಆಡೋಣ ಎಂದು ಬಂದವಳು. ಓದಿದವರೆಲ್ಲ ಚಪ್ಪಾಳೆ ತಟ್ಟುವ ಪ್ರಸಂಗ ಅದು, ಅಂದರೆ ನಮ್ಮನ್ನು ಓಲೈಸಿದ್ದು.

ಸುರಗಿ:
ಮಲ್ಲಿಗೆ ತೋಟದವರೇ, ಈ ಒಂದು ಓದಿಗೆ ನಿಮಗೆ ಒಂದು ಮೊಳ ಮಲ್ಲಿಗೆ.

ರಾತ್ರಿಪಾಳಿ:
ಮೊದಲ ಪ್ರಶ್ನೆಗೆ ಮರಳುತ್ತೇನೆ, ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ.

ಅವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದದ್ದು 1993ರ ಜೂನ್ ತಿಂಗಳಲ್ಲಿ. ಮನೆಯವರಿಗೆ, ಬೆರಳೆಣಿಕೆಯ ಆಪ್ತರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಫ್ಲಾರಿಡಾದಲ್ಲಿ ಕೀಮೋಥೆರಪಿ ಪಡೆಯುತ್ತಾ ಪ್ರವಾಸ ಮುಂದುವರಿಸಿದ. ಅಂದರೆ ಅಕ್ಟೋಬರ್ 1ರಂದು ಆ ವೇದಿಕೆಗೆ ಬಂದಾಗ ಅವನಿಗೆ ತನ್ನ ಸಾವು ಗೊತ್ತಿತ್ತು, ಲೆಟರ್‌ಮನ್‌ಗೆ ಗೊತ್ತಿರಲಿಲ್ಲ. ಇದನ್ನು ತಿಳಿದು ಆ ತುಣುಕನ್ನು ಮತ್ತೆ ನೋಡಿ. ಸ್ಮಶಾನಕ್ಕೆ ಅಡ್ಡ ನಿಲ್ಲಿ ಎಂಬ ಮಾತನ್ನು ಯಾರು ಹೇಳುತ್ತಿದ್ದಾನೆ ಎಂದು ನೋಡಿ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಇಂಥವರ ಬಗ್ಗೆ ಹೇಳುತ್ತೇವೆ. ಹಿಕ್ಸ್‌ನ ವಿಷಯದಲ್ಲಿ ಎದ್ದು ಬಂದವರು ಜನರಲ್ಲ. ಜನ ನಗುತ್ತಿದ್ದರು. ಅದೇ ಅವನನ್ನು ಸುಟ್ಟದ್ದು ಎಂದು ನನ್ನ ಊಹೆ. ಲಂಡನ್ ಅವನನ್ನು ಎತ್ತಿ ಆಡಿಸುತ್ತಿತ್ತು, ಅದು ಸಾಕಾಗಲಿಲ್ಲ. ಅಪ್ಪ ಅಮ್ಮ ನೋಡುವ ಟಿವಿಯಲ್ಲಿ, ತನ್ನ ಜನರ ಎದುರು, ತನ್ನ ನಿಜವಾದ ಮಾತನ್ನು ಒಂದೇ ಒಂದು ಸಲ ಹೇಳಬೇಕಿತ್ತು. ಹಿಂದಿನ ಹನ್ನೊಂದು ಸಲ ಟಿವಿಗೆ ಒಗ್ಗುವಂತೆ ಮಾತನ್ನು ತೊಳೆದು ಒಣಗಿಸಿ ತಂದಿದ್ದ. ಹನ್ನೆರಡನೆಯ ಸಲ ಮಾತನ್ನು ಇದ್ದಂತೆ ತಂದ, ಬಟ್ಟೆಯನ್ನು ಮಾತ್ರ ಬದಲಿಸಿದ. ಹೊರಗೆ ಇರಲು ಬಯಸಿದವನು ಹಾಗೆ ಮಾಡುವುದಿಲ್ಲ.

1994ರ 26 ಫೆಬ್ರವರಿಯಂದು, ಆರ್ಕನ್ಸಾದ ಲಿಟ್ಲ್‌ರಾಕ್‌ನಲ್ಲಿ, ಅಪ್ಪ ಅಮ್ಮನ ಮನೆಯಲ್ಲಿ ಸತ್ತ. ಮೂವತ್ತೆರಡು ವರ್ಷ. ಕಿಟಕಿಯಿಂದ ಹಾರಿ ಓಡುತ್ತಿದ್ದ ಹುಡುಗ ಕೊನೆಗೆ ಬಂದದ್ದು ಅವರ ಬಳಿಗೇ. ಹೂತದ್ದು ಮಿಸಿಸಿಪಿಯ ಲೀಕ್ಸ್‌ವಿಲ್‌ನಲ್ಲಿ, ಮನೆತನದ ಜಾಗದಲ್ಲಿ.

ಹಿಂದಿನ ಬೆಂಚು:
ಹೊಟ್ಟೆಪಾಡು ಎಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ರವಚನ ಎಂಬುದನ್ನು ಅಲ್ಲ.

ಹೊಸ ಸದಸ್ಯ:
ಇಡೀ ಚರ್ಚೆ ಓದಿದೆ. ನಾನು ಇವನನ್ನು ನೋಡಿಯೇ ಇಲ್ಲ. ಎಲ್ಲಿಂದ ಶುರುಮಾಡಲಿ?

ಅರ್ಧ ಟಿಕೆಟ್:
ಮೊದಲು ಆ ಹೋಟೆಲಿನಲ್ಲಿ ಓದುವ ಪ್ರಸಂಗ, ಆಮೇಲೆ ಕುರಿಗಾಹಿ, ಆಮೇಲೆ 2009ರ ಲೆಟರ್‌ಮನ್. ಶಿಕಾಗೋ ಬೇಡ, ಕನಿಷ್ಠ ಮೊದಲ ತಿಂಗಳು ಬೇಡ. ಆಡಿನ ವೇಷ ಬಂದಾಗ ಮನೆಯಲ್ಲಿ ಯಾರಾದರೂ ಇದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.

ಹೊಸ ಸದಸ್ಯ:
ಅಮ್ಮ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾರೆ. 2009ರದ್ದನ್ನೇ ಮೊದಲು ಹಾಕುತ್ತೇನೆ.